ಗಣಕಯಂತ್ರದ ಮೈಬಿಸಿ

(ಶತಮಾನೋತ್ಸವದ ಅಂಗವಾಗಿ ನಡೆದ ಪಾಲಕರ ಹಾಗೂ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ, ಗೋವೆಯ ಕನ್ನಡ ಮಾಧ್ಯಮ ಶಾಲೆಯೊಂದರ ಮುಖ್ಯಾಧ್ಯಾಪಕಿಯವರು ಮಾಡಿದ ಉಪನ್ಯಾಸದ ಲಿಖಿತ ರೂಪ)



ಬಯಲುಸೀಮೆಯ ನಿಮ್ಮ ಶಾಲೆಯ ನೂರರ ಹಬ್ಬಕ್ಕೆ ಗೋವೆಯಿಂದ ನಮ್ಮನ್ನು ಕರೆಸಿಕೊಂಡಿರಿ; ಅದಕ್ಕಾಗಿ ಕೃತಜ್ಞರಾಗಿದ್ದೇವೆ. ವಾಸ್ಕೋದಲ್ಲಿ ರೈಲು ಹತ್ತಿ, ದೂಧಸಾಗರದ ಘಟ್ಟವೇರಿ, ಕ್ಯಾಸಲ್‌ರಾಕ್ ದಾಟಿ ಲೋಂಡಾ ತಲುಪುವಾಗಲೇ ಗಾಳಿ ಬದಲಾಗಿರುತ್ತದೆ, ಮೈಗೆ ಅಂಟಿದ ಬಟ್ಟೆ ಸಡಿಲಾಗಿರುತ್ತದೆ. ಈ ದಾರಿಯಲ್ಲಿ ನಿಮ್ಮ ಊರುಗಳ ಎಷ್ಟೋ ಮನೆತನಗಳು ಇಳಿದು ಬಂದು ಗೋವೆಯಲ್ಲಿ ಗಾರೆ ಕೆಲಸ, ಬಂದರಿನ ಕೆಲಸ, ಕಾರ್ಖಾನೆಯ ಕೆಲಸ ಮಾಡಿಕೊಂಡಿವೆ. ಅವರ ಮಕ್ಕಳೇ ನಮ್ಮ ಶಾಲೆಯ ಬೆಂಚುಗಳ ಮೇಲೆ ಕುಳಿತಿರುವವರು. ಆದುದರಿಂದ ನಾವು ಇಲ್ಲಿಗೆ ಅತಿಥಿಗಳಾಗಿ ಬಂದೆವು ಎನ್ನುವುದಕ್ಕಿಂತ ನೆಂಟರಾಗಿ ಬಂದೆವು ಎಂದರೆ ಸರಿಯಾದೀತು.

ಹಳೆಯ ವಿದ್ಯಾರ್ಥಿಗಳು ಶಾಲೆಗೆ ಹೊಸ ಗಣಕಯಂತ್ರ ಕೊಠಡಿಯನ್ನು ಕಟ್ಟಿಸಿಕೊಟ್ಟಿದ್ದಾರೆ. ಆ ಸಂದರ್ಭಕ್ಕೆ ಒಪ್ಪುವಂತೆ ‘ಗಣಕಯಂತ್ರ ಶಿಕ್ಷಣದ ಮಹತ್ವ’ ಎಂಬ ವಿಷಯವನ್ನು ಸಮಿತಿಯವರು ಸೂಚಿಸಿದ್ದರು. ಮಹತ್ವವನ್ನು ಬಲ್ಲವರೇ ಕೊಠಡಿ ಕಟ್ಟಿಸಿದ್ದಾರೆ; ಅವರಿಗೆ ಮತ್ತೆ ಅದನ್ನೇ ಹೇಳುವುದು ಅಧಿಕಪ್ರಸಂಗ. ಅದಕ್ಕೆ ಬದಲಾಗಿ ಬಹಳ ಸಣ್ಣದೊಂದು ವಿಷಯವನ್ನು ಆರಿಸಿಕೊಳ್ಳಲು ಅನುಮತಿ ಕೇಳಿದೆವು. ಮೇಜಿನ ಮೇಲಿನ ಗಣಕಯಂತ್ರದ ಒಳಗೆ ಪ್ರೊಸೆಸರ್ ಎಂಬ ಚಿಪ್ಪು ಇರುತ್ತದೆ. ಅದರ ಮೈ ಎಷ್ಟು ಬಿಸಿಯಾದರೆ ಸಹಜ, ಎಷ್ಟಾದರೆ ಅಪಾಯ, ತಂಪಾಗಿಡುವ ಬಗೆ ಹೇಗೆ — ಇಷ್ಟೇ ಇಂದಿನ ಮಾತು. ಉದ್ಘಾಟನೆಯ ರಿಬ್ಬನ್ ಕತ್ತರಿಸಿದ ನಾಲ್ಕೈದು ವರ್ಷಗಳಲ್ಲಿ ಬೀಗ ಬಿದ್ದ ಗಣಕಯಂತ್ರ ಕೊಠಡಿಗಳನ್ನು ನಾವು ಗೋವೆಯಲ್ಲಿಯೂ ಕಂಡಿದ್ದೇವೆ, ಘಟ್ಟದ ಮೇಲೆಯೂ ಕಂಡಿದ್ದೇವೆ. ‘ಕೆಟ್ಟಿವೆ’ ಎಂದು ಮೂಲೆಗೆ ಸೇರಿಸಿದ ಯಂತ್ರಗಳಲ್ಲಿ ಹಲವು ಕೆಟ್ಟಿರುವುದಿಲ್ಲ, ಉಸಿರು ಕಟ್ಟಿರುತ್ತವೆ. ಮನೆಯಲ್ಲಿ ಗಣಕಯಂತ್ರವಿಲ್ಲದ ಮಗುವಿಗೆ ಶಾಲೆಯ ಯಂತ್ರವೇ ಗತಿ. ಅದು ಮೂಲೆ ಸೇರಿದ ದಿನ ಆ ಮಗುವಿನ ಪಾಲಿಗೆ ಆ ವಿದ್ಯೆಯೂ ಮೂಲೆ ಸೇರಿತು.

ಮೊದಲು ಬಿಸಿ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡೋಣ. ಪ್ರೊಸೆಸರನ್ನು ನಮ್ಮ ಪಠ್ಯಪುಸ್ತಕಗಳು ‘ಕೇಂದ್ರ ಸಂಸ್ಕರಣಾ ಘಟಕ’ ಎನ್ನುತ್ತವೆ. ಮಕ್ಕಳು ಪ್ರೊಸೆಸರ್ ಎಂದೇ ಅನ್ನುತ್ತಾರೆ, ನಾವೂ ಹಾಗೆಯೇ ಅನ್ನೋಣ. ಅದರೊಳಗೆ ಟ್ರಾನ್ಸಿಸ್ಟರ್ ಎಂಬ ಅತಿ ಸೂಕ್ಷ್ಮ ವಿದ್ಯುತ್ ಬಾಗಿಲುಗಳಿವೆ. 1971ರಲ್ಲಿ ಇಂಟೆಲ್ ಕಂಪನಿ ಹೊರತಂದ 4004 ಎಂಬ ಚಿಪ್ಪಿನಲ್ಲಿ ಅವು ಸುಮಾರು 2,300 ಇದ್ದವು. ಈಗಿನ ಚಿಪ್ಪುಗಳಲ್ಲಿ ನೂರಾರು ಕೋಟಿ. ಪ್ರತಿಯೊಂದು ಬಾಗಿಲೂ ತೆರೆದು ಮುಚ್ಚುವಾಗ ಚೂರು ವಿದ್ಯುತ್ತು ಶಾಖವಾಗಿ ಮಾರ್ಪಡುತ್ತದೆ. ಕೊನೆಗೆ ಲೆಕ್ಕ ಹಾಕಿದರೆ ಪ್ರೊಸೆಸರ್ ಕುಡಿದ ವಿದ್ಯುತ್ತೆಲ್ಲವೂ ಶಾಖವಾಗಿಯೇ ಹೊರಬರುತ್ತದೆ. ಶಾಲೆಗಳಲ್ಲಿ ಬಳಸುವ ಸಾಮಾನ್ಯ ಯಂತ್ರದ ಪ್ರೊಸೆಸರಿಗೆ ತಯಾರಕರ ಪತ್ರದಲ್ಲಿ 65 ವ್ಯಾಟ್ ಎಂದು ಬರೆದಿರುತ್ತದೆ. ಹಿಂದಿನ ಕಾಲದ ಗಾಜಿನ ಬಲ್ಬಿನಷ್ಟೇ ಅಲ್ಲವೇ ಎನಿಸಬಹುದು. ಆದರೆ ಬಲ್ಬಿನ ಶಾಖ ಅಂಗೈಯಗಲದ ಗಾಜಿನ ಮೇಲೆ ಹರಡಿರುತ್ತಿತ್ತು. ಇಲ್ಲಿ ಅದು ಹುಟ್ಟುವುದು ಬೆರಳುಗುರಿನಷ್ಟು, ಅಂದರೆ ಒಂದೂಕಾಲು ಚದರ ಸೆಂಟಿಮೀಟರಿನಷ್ಟು ಸಿಲಿಕಾನಿನಲ್ಲಿ. 1,000 ವ್ಯಾಟಿನ ಇಸ್ತ್ರಿ ಪೆಟ್ಟಿಗೆಯ ತಳವನ್ನು ಸುಮಾರು 200 ಚದರ ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಚದರ ಸೆಂಟಿಮೀಟರಿಗೆ 5 ವ್ಯಾಟ್ ಆಯಿತು. ಪ್ರೊಸೆಸರಿಗೆ ಅದೇ ಲೆಕ್ಕ ಸುಮಾರು 50 ವ್ಯಾಟ್. ಅಷ್ಟು ಪುಟ್ಟ ಜಾಗದಲ್ಲಿ ಇಸ್ತ್ರಿ ಪೆಟ್ಟಿಗೆಯ ಹತ್ತು ಪಟ್ಟು ದಟ್ಟವಾದ ಶಾಖ! ಅದನ್ನು ಕ್ಷಣಕ್ಷಣವೂ ಹೊರಗೆ ಸಾಗಿಸದಿದ್ದರೆ ಯಂತ್ರ ನಿಲ್ಲದೆ ಇನ್ನೇನು ಮಾಡೀತು?

ಈ ಶಾಖವು ತಯಾರಕರನ್ನೂ ಮಣಿಸಿದೆ. ಇಪ್ಪತ್ತು ಮೂವತ್ತು ವರ್ಷಗಳ ಹಿಂದೆ ವೇಗವೊಂದೇ ಮಂತ್ರವಾಗಿತ್ತು. ಪೆಂಟಿಯಂ 4ರ ಕೊನೆಯ ಮಾದರಿಗಳು 115 ವ್ಯಾಟಿನವರೆಗೆ ಏರಿದವು. ಅದರ ಮುಂದಿನ ಪೀಳಿಗೆಯೆಂದು ರೂಪಿಸುತ್ತಿದ್ದ ‘ಟೇಜಸ್’ ಎಂಬ ಚಿಪ್ಪನ್ನು 2004ರ ಮೇ ತಿಂಗಳಲ್ಲಿ ಇಂಟೆಲ್ ಕೈಬಿಟ್ಟಿತು. ಅದೇ ವರ್ಷ 4 ಗಿಗಾಹರ್ಟ್ಸಿನ ಪೆಂಟಿಯಂ 4ನ್ನೂ ಕೈಬಿಟ್ಟಿತು. ಒಂದೇ ಎತ್ತನ್ನು ಹೊಡೆದು ಓಡಿಸುವ ಬದಲು ಎರಡು ಎತ್ತು ಹೂಡುವುದು ಲೇಸೆಂದು, ಮರುವರ್ಷದಿಂದ ಒಂದೇ ಚಿಪ್ಪಿನಲ್ಲಿ ಎರಡು, ಮುಂದೆ ನಾಲ್ಕು ತಿರುಳುಗಳನ್ನು ಇಡುವ ಪದ್ಧತಿ ಬಂತು. ಇಂದು ಮಕ್ಕಳು ‘ಡ್ಯುಯಲ್ ಕೋರ್, ಕ್ವಾಡ್ ಕೋರ್’ ಎಂದು ಪಟಪಟನೆ ಹೇಳುತ್ತಾರಲ್ಲ, ಆ ಮಾತು ಹುಟ್ಟಿದ್ದರ ಹಿಂದೆ ಬಿಸಿಯ ಭಯವೂ ಇತ್ತು.

ಇನ್ನು ಅಂಕೆಗಳು. ಮನುಷ್ಯನ ಸಹಜ ಮೈಬಿಸಿಗೆ 37 ಡಿಗ್ರಿ ಎಂಬ ಗೆರೆ ಇರುವಂತೆ ಪ್ರೊಸೆಸರಿಗೆ ಒಂದೇ ಗೆರೆ ಇಲ್ಲ. ಅದರ ಸಹಜ ಬಿಸಿ ಒಂದು ವಿಸ್ತಾರ. ಸುಮ್ಮನೆ ಕುಳಿತಿರುವಾಗ 35ರಿಂದ 50 ಡಿಗ್ರಿ ಸೆಲ್ಸಿಯಸ್ ಇದ್ದರೆ ಏನೂ ಚಿಂತೆಯಿಲ್ಲ. ಬರವಣಿಗೆ, ಅಂತರ್ಜಾಲ, ಪಾಠದ ವಿಡಿಯೊ ಇಷ್ಟರಲ್ಲಿ 45ರಿಂದ 65ರ ಆಸುಪಾಸು ಓಡಾಡುತ್ತದೆ. ಭಾರಿ ಕೆಲಸ ಹಚ್ಚಿದಾಗ 70, 80 ಮುಟ್ಟಿದರೂ ಹೆದರಬೇಕಾಗಿಲ್ಲ. ಬಹಳ ಹೊತ್ತು 85, 90ರ ಮೇಲೆಯೇ ನಿಂತಿದ್ದರೆ ಮಾತ್ರ ಮುಚ್ಚಳ ತೆಗೆದು ನೋಡುವ ಸಮಯ ಬಂತೆಂದು ತಿಳಿಯಬೇಕು. ಇತ್ತೀಚಿನ ಹಲವು ಇಂಟೆಲ್ ಪ್ರೊಸೆಸರುಗಳಿಗೆ 100 ಡಿಗ್ರಿ, ಎಎಂಡಿ ಕಂಪನಿಯ ರೈಜೆನ್ ಪ್ರೊಸೆಸರುಗಳಲ್ಲಿ ಹೆಚ್ಚಿನವಕ್ಕೆ 90ರಿಂದ 95 ಡಿಗ್ರಿ ಗರಿಷ್ಠ ಮಿತಿ. ಹಳೆಯ ಕೆಲವು ಚಿಪ್ಪುಗಳ ಮಿತಿ ಇನ್ನೂ ಕಡಿಮೆ. ಆದುದರಿಂದ ತಮ್ಮ ಯಂತ್ರದ ಹೆಸರು ಹಿಡಿದು ತಯಾರಕರ ಪತ್ರದಲ್ಲಿ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಇಲ್ಲಿ ಒಂದು ಸಮಾಧಾನದ ಮಾತು. ಈಗಿನ ಪ್ರೊಸೆಸರ್ ತನ್ನ ಮೈಬಿಸಿಯನ್ನು ತಾನೇ ಅಳೆದುಕೊಳ್ಳುತ್ತದೆ. ಮಿತಿ ಸಮೀಪಿಸಿದರೆ ತಾನಾಗಿ ವೇಗ ಇಳಿಸುತ್ತದೆ. ಬಿಸಿಲೇರಿದಾಗ ಹೊಲದಲ್ಲಿ ರಂಟೆ ಹೊಡೆಯುವವನು ಗಿಡದ ನೆರಳಿಗೆ ನಿಲ್ಲುವಂತೆ. ಹಾಗೆಯೂ ಬಿಸಿ ಏರುತ್ತಲೇ ಹೋದರೆ ಯಂತ್ರವನ್ನು ಆರಿಸಿಬಿಡುತ್ತದೆ. ಆದುದರಿಂದ ಪ್ರೊಸೆಸರ್ ಸುಟ್ಟುಹೋಗುವುದು ಅಪರೂಪ. ಆದರೆ ಈ ಆತ್ಮರಕ್ಷಣೆಯೇ ನಮ್ಮ ಕಣ್ಣಿಗೆ ರೋಗದಂತೆ ಕಾಣುತ್ತದೆ. ಯಂತ್ರ ನಿಧಾನವಾಯಿತು ಎಂದರೆ ‘ವೈರಸ್ ಬಂದಿದೆ’ ಎನ್ನುತ್ತೇವೆ. ತಾನಾಗಿ ಆರಿತು ಎಂದರೆ ‘ಹಳೆಯದಾಯಿತು’ ಎನ್ನುತ್ತೇವೆ. ಆಗಾಗ ಅಂಕೆ 10, 15 ಡಿಗ್ರಿ ಒಮ್ಮೆಗೇ ಜಿಗಿದು ಮರಳಿ ಇಳಿಯುವುದನ್ನು ಕಂಡು ಗಾಬರಿಯಾಗುವವರೂ ಇದ್ದಾರೆ. ಹೊಸ ಕಾರ್ಯಕ್ರಮ ತೆರೆದ ಕ್ಷಣದಲ್ಲಿ ಹಾಗೆ ಜಿಗಿಯುವುದು ಅದರ ಸ್ವಭಾವ.

ಅಂಕೆ ನೋಡುವುದು ಎಲ್ಲಿ? ಯಂತ್ರ ಹಚ್ಚಿದ ಕೂಡಲೇ ‘ಡಿಲೀಟ್’ ಅಥವಾ ‘ಎಫ್ 2’ ಗುಂಡಿಯನ್ನು ಒತ್ತುತ್ತಿದ್ದರೆ ಬಯಾಸ್ ಎಂಬ ಪರದೆ ತೆರೆಯುತ್ತದೆ. ಅಲ್ಲಿ ಪ್ರೊಸೆಸರಿನ ಬಿಸಿ, ಫ್ಯಾನು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂಬ ಎರಡೂ ಅಂಕೆಗಳು ಇರುತ್ತವೆ. ಬಯಾಸಿನಲ್ಲಿ ವಿದ್ಯುತ್ ಉಳಿಸುವ ಏರ್ಪಾಡುಗಳು ಪೂರ್ತಿ ನಡೆಯುವುದಿಲ್ಲವಾದ್ದರಿಂದ ಅಲ್ಲಿಯ ಅಂಕೆ ಸ್ವಲ್ಪ ಹೆಚ್ಚೇ ಕಾಣುತ್ತದೆ. ವಿಂಡೋಸಿನಲ್ಲಿ ಕೋರ್ ಟೆಂಪ್, ಎಚ್‌ಡಬ್ಲ್ಯುಇನ್ಫೋ ಮುಂತಾದ ಉಚಿತ ತಂತ್ರಾಂಶಗಳು ತೋರಿಸುತ್ತವೆ. ಲಿನಕ್ಸಿನಲ್ಲಿ ‘ಸೆನ್ಸರ್ಸ್’ ಎಂಬ ಒಂದೇ ಆಜ್ಞೆ ಸಾಕು.

ಈಗ ನಮ್ಮ ಕರಾವಳಿಗೂ ನಿಮ್ಮ ಬಯಲಿಗೂ ಇರುವ ವ್ಯತ್ಯಾಸಕ್ಕೆ ಬರೋಣ. ಇಲ್ಲಿ ಕನ್ನಡ ನುಡಿಯೇ ನಮಗೆ ಒಂದು ಪಾಠ ಹೇಳಿಕೊಡುತ್ತದೆ. ಬಿಸಿಗೆ ನಮ್ಮಲ್ಲಿ ಎಷ್ಟು ಪದಗಳು! ಕಾವು, ಶಾಖ, ಝಳ, ಧಗೆ, ಉರಿ, ಸೆಕೆ. ಇವು ಒಂದೇ ಅಲ್ಲ. ಏಪ್ರಿಲ್ ತಿಂಗಳಿನಲ್ಲಿ ನಿಮ್ಮೂರಿನಲ್ಲಿ ಇರುವುದು ಝಳ. ವಾಸ್ಕೋದಲ್ಲಿ ಇರುವುದು ಸೆಕೆ. ಅಲ್ಲಿ ತಾಪಮಾನ 33 ಡಿಗ್ರಿ ಇದ್ದರೂ ಬೆವರು ಆರುವುದಿಲ್ಲ, ಏಕೆಂದರೆ ಗಾಳಿ ಆಗಲೇ ತೇವದಿಂದ ತುಂಬಿರುತ್ತದೆ. ಬೆವರು ಆರಿದರೆ ತಾನೇ ಮೈ ತಂಪಾಗುವುದು? ನಿಮ್ಮಲ್ಲಿ ಬೇಸಿಗೆಯಲ್ಲಿ ಮಣ್ಣಿನ ಹರವಿಯ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಾಗುತ್ತದೆ. ಅದೇ ಹರವಿಯನ್ನು ಗೋವೆಗೆ ತಂದಿಟ್ಟ ಪಾಲಕರು ‘ಇದು ತಣ್ಣಗಾಗೂದೇ ಇಲ್ರಿ ಅಕ್ಕೋರೆ’ ಎಂದು ನಮ್ಮಲ್ಲಿ ಅಚ್ಚರಿಪಡುತ್ತಾರೆ. ಕಾರಣ ಒಂದೇ: ನೀರು ಆವಿಯಾಗಲು ಅಲ್ಲಿ ಎಡೆ ಕಡಿಮೆ.

ಪ್ರೊಸೆಸರ್ ಬೆವರುವುದಿಲ್ಲ. ಅದಕ್ಕೆ ಕಾವು ಉಂಟು, ಸೆಕೆ ಇಲ್ಲ. ಅದರ ಮೇಲಿನ ಫ್ಯಾನು ನಮ್ಮ ತಲೆಯ ಮೇಲಿನ ಫ್ಯಾನಿನಂತೆ ಬೆವರು ಆರಿಸುವುದಿಲ್ಲ, ಬಿಸಿ ಲೋಹದಿಂದ ಬಿಸಿ ಗಾಳಿಯನ್ನು ಆಚೆ ದೂಡಿ ಕೋಣೆಯ ಗಾಳಿಯನ್ನು ತರುತ್ತದೆ, ಅಷ್ಟೆ. ಆದುದರಿಂದ ಎಷ್ಟೇ ಫ್ಯಾನು ಹಾಕಿದರೂ ಪ್ರೊಸೆಸರ್ ಕೋಣೆಯ ಗಾಳಿಗಿಂತ ತಂಪಾಗಲಾರದು. ಕೋಣೆ ಒಂದು ಡಿಗ್ರಿ ಬಿಸಿಯಾದರೆ ಅದೂ ಹೆಚ್ಚುಕಡಿಮೆ ಒಂದು ಡಿಗ್ರಿ ಬಿಸಿಯಾಗುತ್ತದೆ. ಒಂದು ಉದಾಹರಣೆ: ಪ್ರತಿ ವ್ಯಾಟಿಗೆ ಅರ್ಧ ಡಿಗ್ರಿ ಬಿಸಿ ಉಳಿಸಿಕೊಳ್ಳುವ ಸಾಧಾರಣ ತಂಪುಗಾರಿಕೆ ಇದೆಯೆನ್ನೋಣ. 65 ವ್ಯಾಟಿಗೆ 32 ಡಿಗ್ರಿ ಏರಿತು. ವಾಸ್ಕೋದ 32 ಡಿಗ್ರಿಯ ಕೋಣೆಯಲ್ಲಿ ಅದು 64 ತೋರಿಸಿದರೆ, ನಿಮ್ಮೂರಿನ 40 ಡಿಗ್ರಿಯ ಮಧ್ಯಾಹ್ನದಲ್ಲಿ 72 ತೋರಿಸುತ್ತದೆ. ಸೆಕೆಯಲ್ಲಿ ಬೇಯುವವರು ನಾವು. ಆದರೆ ಹೆಚ್ಚು ಕಾಯುವುದು ನಿಮ್ಮ ಯಂತ್ರ! ವಿದೇಶದ ಪುಸ್ತಕಗಳು 22 ಡಿಗ್ರಿಯ ಕೋಣೆಯನ್ನು ಮನಸ್ಸಿನಲ್ಲಿಟ್ಟು ‘30 ಡಿಗ್ರಿ ಸಹಜ’ ಎಂದು ಬರೆದಿದ್ದರೆ ಅದನ್ನು ನೋಡಿ ನಮ್ಮ ಯಂತ್ರಕ್ಕೆ ಜ್ವರವೆಂದು ತಿಳಿಯಬಾರದು.

ಹಾಗಾದರೆ ತೇವದಿಂದ ಕರಾವಳಿಯ ಯಂತ್ರಕ್ಕೆ ಬಾಧೆಯೇ ಇಲ್ಲವೇ? ಇದೆ, ಆದರೆ ಅದು ಬೇರೆ ಬಗೆಯದು. ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಗೋವೆಯಲ್ಲಿ ಚಪ್ಪಲಿಗೂ ಬೂಸು ಹಿಡಿಯುತ್ತದೆ, ಪುಸ್ತಕದ ರಟ್ಟಿಗೂ ಬೂಸು ಹಿಡಿಯುತ್ತದೆ. ಸಮುದ್ರದ ಗಾಳಿಯಲ್ಲಿ ಉಪ್ಪಿದೆ. ಉಪ್ಪು ಮತ್ತು ತೇವ ಸೇರಿದರೆ ಲೋಹದ ಕೂಡುಗಳು ಕಿಲುಬು ಹಿಡಿಯುತ್ತವೆ. ನೆನಪಿನ ಪಟ್ಟಿಗಳ, ಅಂದರೆ ರ್‍ಯಾಮಿನ, ಚಿನ್ನದ ಬಣ್ಣದ ಹಲ್ಲುಗಳು ಮಂಕಾಗುತ್ತವೆ. ಫ್ಯಾನಿನ ಅಚ್ಚು ಬಿಗಿಯುತ್ತದೆ. ಇದರ ಮೇಲೆ ಧೂಳು. ಗೋವೆಯ ಗಣಿ ಸೀಮೆಗಳಲ್ಲಿ ಅದಿರಿನ ಲಾರಿಗಳು ಎಬ್ಬಿಸುವ ಧೂಳು ಕೆಂಪು. ವಾಸ್ಕೋದಲ್ಲಿ ಬಂದರಿಗೆ ಬರುವ ಕಲ್ಲಿದ್ದಲಿನ ಧೂಳು ಕಪ್ಪು. ಮನೆಯ ಕಿಟಕಿಯ ಕಟ್ಟೆಯನ್ನು ಒರೆಸಿದ ಬಟ್ಟೆ ಕಪ್ಪಾಗುವ ಬಗ್ಗೆ ಅಲ್ಲಿಯ ನಿವಾಸಿಗಳು ವರ್ಷಗಳಿಂದ ದೂರುತ್ತ ಬಂದಿದ್ದಾರೆ. ಕಿಟಕಿಯ ಮೇಲೆ ಕುಳಿತ ಧೂಳನ್ನು ದಿನವೂ ಒರೆಸುವವರಿದ್ದಾರೆ. ಯಂತ್ರದ ಒಳಗೆ ಹೋದ ಧೂಳನ್ನು ಒರೆಸುವವರು ಯಾರು? ಒಣ ಧೂಳಾದರೆ ಊದಿದರೆ ಹೋಗುತ್ತದೆ. ತೇವ ಹಿಡಿದ ಧೂಳು ಕಂಬಳಿಯಂತೆ ಹೆಪ್ಪುಗಟ್ಟುತ್ತದೆ.

ಆ ಕಂಬಳಿ ಎಲ್ಲಿ ಕೂರುತ್ತದೆ ಎಂದು ತಿಳಿಯಲು ತಂಪಿನ ಏರ್ಪಾಡನ್ನು ಸ್ವಲ್ಪ ಬಿಡಿಸಿ ನೋಡಬೇಕು. ಪ್ರೊಸೆಸರಿನ ನೆತ್ತಿಯ ಮೇಲೆ ಅಲ್ಯೂಮಿನಿಯಂ ಅಥವಾ ತಾಮ್ರದ, ಅನೇಕ ತೆಳು ರೆಕ್ಕೆಗಳುಳ್ಳ ಗಟ್ಟಿಯೊಂದು ಕೂತಿರುತ್ತದೆ. ಅದಕ್ಕೆ ಹೀಟ್ ಸಿಂಕ್ ಎಂದು ಹೆಸರು. ನಮ್ಮ ಶಾಲೆಯ ಮಕ್ಕಳು ಅದನ್ನು ‘ಬಾಚಣಿಗೆ’ ಎನ್ನುತ್ತಾರೆ, ನಮಗೆ ಆ ಹೆಸರೇ ಹೆಚ್ಚು ಇಷ್ಟ. ಶಾಖವು ಚಿಪ್ಪಿನಿಂದ ಬಾಚಣಿಗೆಗೆ ಹರಿದು, ರೆಕ್ಕೆಗಳಲ್ಲಿ ಹರಡಿಕೊಳ್ಳುತ್ತದೆ. ಮೇಲಿನ ಫ್ಯಾನು ರೆಕ್ಕೆಗಳ ನಡುವೆ ಗಾಳಿ ಊದುತ್ತದೆ. ದೊಡ್ಡ ಬಾಚಣಿಗೆಗಳಲ್ಲಿ ತಾಮ್ರದ ಕೊಳವೆಗಳಿರುತ್ತವೆ; ಅವುಗಳೊಳಗೆ ಗಾಳಿ ತೆಗೆದು ಇಟ್ಟ ತುಸು ದ್ರವ ಕಡಿಮೆ ಬಿಸಿಗೇ ಕುದಿದು ಆವಿಯಾಗಿ ಮೇಲೇರಿ, ತಂಪಾದ ತುದಿಯಲ್ಲಿ ಹನಿಯಾಗಿ ಮರಳುತ್ತದೆ. ಮುಚ್ಚಿದ ಪಾತ್ರೆಯ ತಟ್ಟೆಯಲ್ಲಿ ಹಬೆ ನೀರಾಗಿ ಬೀಳುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಚಿಪ್ಪಿನ ಮೇಲ್ಮೈ ಮತ್ತು ಬಾಚಣಿಗೆಯ ತಳ ಎರಡೂ ನಮ್ಮ ಕಣ್ಣಿಗೆ ನುಣುಪು. ಸೂಕ್ಷ್ಮವಾಗಿ ನೋಡಿದರೆ ಉಬ್ಬುತಗ್ಗು; ಅವುಗಳ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ತಾಮ್ರವು ಗಾಳಿಗಿಂತ ಸುಮಾರು 15,000 ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ ಎಂದರೆ, ನಡುವೆ ಸಿಕ್ಕಿದ ಗಾಳಿಯ ತೆಳುಪದರ ಎಂಥ ಗೋಡೆಯೆಂದು ಊಹಿಸಬಹುದು. ಆ ತಗ್ಗುಗಳನ್ನು ತುಂಬಲು ಸವರುವ ಬೂದು ಬಣ್ಣದ ಲೇಪವೇ ಥರ್ಮಲ್ ಪೇಸ್ಟ್. ಕೆಲವು ವರ್ಷಗಳಲ್ಲಿ ಅದು ಒಣಗಿ ಬಿರಿಯುತ್ತದೆ. ಬಟಾಣಿಯಷ್ಟು ಹಚ್ಚಿದರೆ ಸಾಕು. ಹೋಳಿಗೆಗೆ ತುಪ್ಪ ಸುರಿದಂತೆ ಸುರಿಯುವವರನ್ನು ಕಂಡಿದ್ದೇವೆ, ಅದರಿಂದ ಉಪಯೋಗವಿಲ್ಲ.

ಕಳೆದ ಮಳೆಗಾಲದಲ್ಲಿ ಬಾಗಲಕೋಟೆ ಕಡೆಯ ಗಾರೆ ಕೆಲಸದ ತಂದೆಯೊಬ್ಬರು ಒಂದು ಯಂತ್ರವನ್ನು ಹೊತ್ತು ಶಾಲೆಗೆ ಬಂದರು. ಹತ್ತನೆಯ ತರಗತಿಯ ಮಗಳಿಗಾಗಿ, ಎರಡು ವರ್ಷ ಕೂಡಿಟ್ಟ ಹಣದಲ್ಲಿ, ಬಳಸಿದ ಯಂತ್ರವನ್ನು ಕೊಂಡಿದ್ದರು. ಹಚ್ಚಿದ ಕಾಲು ಗಂಟೆಗೆ ಆರಿಹೋಗುತ್ತಿತ್ತು. ದುರಸ್ತಿಗೆ ಒಯ್ದ ಕಡೆ ನೋಡಿದವರು ‘ಮದರ್‌ಬೋರ್ಡ್ ಹೋಗಿದೆ, ಹೊಸದು ಕೊಳ್ಳಿ’ ಎಂದಿದ್ದರಂತೆ. ‘ಅಕ್ಕೋರೆ, ಇದರ ಆಯುಷ್ಯ ಮುಗದೈತಿ ಅಂದ್ರು. ಗುಜರಿಗೆ ಹಾಕೂ ಮೊದಲ ನಿಮಗೊಂದು ಮಾತು ಕೇಳೂಣು ಅಂತ ಬಂದೆ’ ಎಂದರು ಆ ತಂದೆ. ನಮ್ಮ ವಿಜ್ಞಾನ ಶಿಕ್ಷಕರು ಬಯಾಸ್ ಪರದೆಯನ್ನು ತೆರೆದು ಆ ಹುಡುಗಿಯನ್ನೇ ಮುಂದೆ ಕೂರಿಸಿದರು. ಏನೂ ಕೆಲಸ ಮಾಡದೆಯೇ ಅಂಕೆ 70 ದಾಟಿತು, 80 ದಾಟಿತು, 90ರ ಬಳಿ ಬಂತು. ಯಂತ್ರ ಆರಿಸಿ, ತಂತಿ ಕಿತ್ತು, ಬದಿಯ ಮುಚ್ಚಳ ತೆಗೆದರೆ ಫ್ಯಾನಿನ ಕೆಳಗೆ ಬಾಚಣಿಗೆ ಕಾಣಿಸಲೇ ಇಲ್ಲ. ಕಪ್ಪು ಧೂಳಿನ ಒಂದು ಚಾಪೆ. ಇದಲ್ಲದೆ ಬಾಚಣಿಗೆಯನ್ನು ಬಿಗಿಹಿಡಿಯುವ ನಾಲ್ಕು ಪ್ಲಾಸ್ಟಿಕ್ ಗೂಟಗಳಲ್ಲಿ ಒಂದು ಮೇಲೆದ್ದಿತ್ತು, ಮೂಲೆಯೊಂದು ಚಿಪ್ಪನ್ನು ಬಿಟ್ಟು ನಿಂತಿತ್ತು. ಮೆದು ಕುಂಚದಿಂದ ಧೂಳು ಬಿಡಿಸಿ, ಒಣಗಿದ ಲೇಪ ಒರೆಸಿ, ಹೊಸದನ್ನು ಹಚ್ಚಿ, ನಾಲ್ಕು ಗೂಟಗಳನ್ನೂ ಮೂಲೆಯಿಂದ ಮೂಲೆಗೆ ಒತ್ತಿ ಕೂರಿಸಿದ ಮೇಲೆ ಅಂಕೆ ಐವತ್ತರ ಒಳಗೇ ನಿಂತಿತು. ಖರ್ಚಾದದ್ದು ಲೇಪದ ಸಣ್ಣ ಕೊಳವೆಗೆ ನೂರಿನ್ನೂರು ರೂಪಾಯಿ. ಅದರಲ್ಲಿಯೂ ಮುಕ್ಕಾಲು ಪಾಲು ಉಳಿಯಿತು. ಆ ಹುಡುಗಿ ಈಗ ನಮ್ಮ ಕೊಠಡಿಯ ಯಂತ್ರಗಳ ಬಿಸಿಯನ್ನು ಪ್ರತಿ ಶನಿವಾರ ಒಂದು ನೋಟುಪುಸ್ತಕದಲ್ಲಿ ಬರೆದಿಡುತ್ತಾಳೆ: ದಿನಾಂಕ, ಕೋಣೆಯ ತಾಪಮಾನ, ಯಂತ್ರದ ಸಂಖ್ಯೆ, ಪ್ರೊಸೆಸರಿನ ಬಿಸಿ. ಕೋಣೆಯ ಅಂಕೆ ಹಾಗೆಯೇ ಇದ್ದು ಯಂತ್ರದ ಅಂಕೆ ಮಾತ್ರ ವಾರದಿಂದ ವಾರಕ್ಕೆ ಏರುತ್ತಿದ್ದರೆ ಅದು ಧೂಳು. ಎರಡೂ ಒಟ್ಟಿಗೆ ಏರಿದರೆ ಅದು ಬೇಸಿಗೆ. ಇಷ್ಟನ್ನು ಬೇರ್ಪಡಿಸಿ ಹೇಳಬಲ್ಲ ಮಗುವಿಗೆ ವಿಜ್ಞಾನದ ಪದ್ಧತಿಯನ್ನು ಬೇರೆ ಕಲಿಸಬೇಕೇ?

ಸ್ವಚ್ಛಗೊಳಿಸುವ ರೀತಿಯನ್ನು ಶಿಕ್ಷಕರಿಗಾಗಿ ತುಸು ವಿವರವಾಗಿ ಹೇಳುತ್ತೇವೆ. ಮೊದಲು ತಂತಿಯನ್ನು ಗೋಡೆಯಿಂದಲೇ ಕೀಳಬೇಕು, ಗುಂಡಿ ಆರಿಸಿದರೆ ಸಾಲದು. ಪೆಟ್ಟಿಗೆಯ ಬರಿ ಲೋಹವನ್ನು ಒಮ್ಮೆ ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಳ್ಳಬೇಕು. ಅಂಗಳಕ್ಕೆ ಒಯ್ದು ಮಾಡುವುದು ಲೇಸು. ಕೊಠಡಿಯಲ್ಲೇ ಊದಿದರೆ ಒಂದು ಯಂತ್ರದ ಧೂಳು ಪಕ್ಕದ ಯಂತ್ರಕ್ಕೆ ಪ್ರಸಾದ. ಬ್ಲೋವರಿನಿಂದ ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು, ಇಲ್ಲವಾದರೆ ಅದು ಅಳತೆ ಮೀರಿ ತಿರುಗಿ ಹಾಳಾಗುತ್ತದೆ. ಒದ್ದೆ ಬಟ್ಟೆ ಬೇಡವೇ ಬೇಡ. ಹಳೆಯ ಲೇಪ ಒರೆಸಲು ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಶುಭ್ರವಾದ ಹತ್ತಿ ಬಟ್ಟೆ. ವಿದ್ಯುತ್ ಪೂರೈಸುವ ಪೆಟ್ಟಿಗೆಯನ್ನು, ಅಂದರೆ ಪವರ್ ಸಪ್ಲೈಯನ್ನು, ಮಾತ್ರ ಯಾರೂ ಬಿಚ್ಚಬಾರದು. ತಂತಿ ಕಿತ್ತ ಮೇಲೂ ಅದರೊಳಗೆ ಅಪಾಯಕಾರಿ ವಿದ್ಯುತ್ತು ಉಳಿದಿರುತ್ತದೆ. ಅದರೊಳಗೆ ಹಲ್ಲಿ ಸತ್ತಿದ್ದರೂ ಸರಿ, ಬಲ್ಲವರೇ ಬಿಚ್ಚಲಿ.

ಮನೆಗಳಲ್ಲಿ ಕಾಣುವ ಕೆಲವು ಸಂಪ್ರದಾಯಗಳ ಬಗ್ಗೆ ಪಾಲಕರಿಗೆ ಒಂದು ಮಾತು. ಪ್ರೀತಿಯಿಂದ ಹೊಲಿದ ಕಸೂತಿಯ ಹೊದಿಕೆಯನ್ನು ಯಂತ್ರ ಆರಿಸಿ ತಣ್ಣಗಾದ ಮೇಲೆ ಹೊದಿಸಿ, ನಡೆಯುತ್ತಿರುವಾಗ ತೆಗೆದಿಡಿ. ಮೇಜಿನ ಕೆಳಗಿನ ಬಾಗಿಲುಳ್ಳ ಖಾನೆಯೊಳಗೆ ಪೆಟ್ಟಿಗೆಯನ್ನು ಇಟ್ಟರೆ ಅದು ತಾನು ಬಿಟ್ಟ ಬಿಸಿ ಗಾಳಿಯನ್ನೇ ಮತ್ತೆ ಉಸಿರಾಡುತ್ತದೆ. ಹಿಂಬದಿಗೂ ಗೋಡೆಗೂ ನಡುವೆ ಒಂದು ಗೇಣಾದರೂ ಎಡೆ ಇರಲಿ. ಬದಿಯ ಮುಚ್ಚಳ ತೆಗೆದು ಟೇಬಲ್ ಫ್ಯಾನು ಹಚ್ಚುವ ಉಪಾಯ ಪರೀಕ್ಷೆಯ ಹಿಂದಿನ ರಾತ್ರಿಗೆ ಸರಿ, ವರ್ಷಪೂರ್ತಿ ಹಾಗೆ ಇಟ್ಟರೆ ಧೂಳಿಗೆ ಹೆಬ್ಬಾಗಿಲು ತೆರೆದಂತೆ. ನೀರು ಚಿಮ್ಮಿಸುವ ಏರ್ ಕೂಲರನ್ನು ಯಂತ್ರದ ಮುಖಕ್ಕೆ ಹಿಡಿಯುವುದು ಬೇಡ. ಇನ್ನು ಗಾಜಿನ ಬದಿ, ಬಣ್ಣಬಣ್ಣದ ದೀಪ, ನೀರಿನ ಕೊಳವೆ ಇವೆಲ್ಲ ಆಟದ ಯಂತ್ರಗಳ ಶೃಂಗಾರ. ಶಾಲೆಗೆ ಅದರ ಗೊಡವೆ ಬೇಡ ಎಂಬುದು ನಮ್ಮ ಅಭಿಪ್ರಾಯ.

ಕೊಠಡಿಯನ್ನೂ ಒಂದು ದೊಡ್ಡ ಪೆಟ್ಟಿಗೆಯೆಂದೇ ಎಣಿಸಬೇಕು. ಪರದೆಯೂ ಸೇರಿ ಒಂದು ಯಂತ್ರಕ್ಕೆ 100 ವ್ಯಾಟ್ ಎಂದಿಟ್ಟುಕೊಂಡರೆ, ಇಪ್ಪತ್ತು ಯಂತ್ರಗಳೆಂದರೆ ಎರಡು ಇಸ್ತ್ರಿ ಪೆಟ್ಟಿಗೆಗಳು ಸದಾ ಉರಿಯುತ್ತಿದ್ದಂತೆ. ಸುಮ್ಮನೆ ಕುಳಿತ ದೊಡ್ಡವರ ದೇಹವೂ ಹೆಚ್ಚುಕಡಿಮೆ 100 ವ್ಯಾಟ್ ಶಾಖ ಬಿಡುತ್ತದೆ. ಮಕ್ಕಳದು ತುಸು ಕಡಿಮೆ. ನಲವತ್ತು ಮಕ್ಕಳು ಕುಳಿತರೆ ಯಂತ್ರಗಳಿಗಿಂತ ಮಕ್ಕಳ ಬಿಸಿಯೇ ಮಿಗಿಲು! ನಿಮ್ಮ ಹೊಸ ಕೊಠಡಿಯ ಕಿಟಕಿಗಳು ಒಂದೇ ಗೋಡೆಯಲ್ಲಿರುವುದನ್ನು ಬೆಳಿಗ್ಗೆ ಗಮನಿಸಿದೆವು. ಎದುರು ಗೋಡೆಯ ಮೇಲ್ಭಾಗದಲ್ಲಿ ಬಿಸಿ ಗಾಳಿ ಹೊರದೂಡುವ ಎರಡು ಎಕ್ಸಾಸ್ಟ್ ಫ್ಯಾನು ಕೂರಿಸಿದರೆ, ಎಲ್ಲ ಯಂತ್ರಗಳ ಅಂಕೆಯೂ ಒಟ್ಟಿಗೆ ಇಳಿಯುತ್ತದೆ. ಗೋವೆಯಲ್ಲಿ ನಾವು ಇನ್ನೊಂದನ್ನು ಪಾಲಿಸುತ್ತೇವೆ: ಮಳೆಗಾಲದಲ್ಲಿ, ರಜೆಯಿದ್ದರೂ, ಎರಡು ದಿನಕ್ಕೊಮ್ಮೆ ಎಲ್ಲ ಯಂತ್ರಗಳನ್ನೂ ಒಂದು ಗಂಟೆ ನಡೆಸುತ್ತೇವೆ. ಆಗ ಅದೇ ಬಿಸಿ ತೇವವನ್ನು ಆರಿಸುತ್ತದೆ. ಹವಾನಿಯಂತ್ರಣವಿದ್ದ ಕೋಣೆಯಾದರೆ ಅದನ್ನು ಆರಿಸಿದ ಕೂಡಲೇ ಕಿಟಕಿ ತೆರೆಯಬಾರದು. ತಣ್ಣಗಿನ ಲೋಹದ ಮೇಲೆ ಹೊರಗಿನ ತೇವ ಹನಿಗಟ್ಟುತ್ತದೆ.

ಕೊನೆಯದಾಗಿ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ನಿವೇದನೆ. ಗೋವೆಯಲ್ಲಿ ಈ ಶತಮಾನದ ಆರಂಭದ ಹೊತ್ತಿಗೆ ಹೊರದೇಶಗಳಲ್ಲಿದ್ದ ಗೋವೆಯವರು ಬಳಸಿದ ಗಣಕಯಂತ್ರಗಳನ್ನು ಕೂಡಿಸಿ, ಹಡಗಿನಲ್ಲಿ ತರಿಸಿ, ಲಿನಕ್ಸ್ ತುಂಬಿ ಶಾಲೆಗಳಿಗೆ ಹಂಚಿದರು. ಅನಂತರ ಸರ್ಕಾರವೂ ‘ಸೈಬರ್ ಏಜ್’ ಯೋಜನೆಯಲ್ಲಿ ವಿದ್ಯಾರ್ಥಿಗಳ ಮನೆಮನೆಗೆ ಯಂತ್ರ ಕೊಟ್ಟಿತು. ಯಂತ್ರ ಕೊಡುವ ಉದಾರ ಕೈಗಳಿಗೆ ನಮ್ಮ ನಾಡಿನಲ್ಲಿ ಎಂದೂ ಬರವಿಲ್ಲ. ಕುಂಚಕ್ಕೂ ಲೇಪಕ್ಕೂ ಹೊಸ ಫ್ಯಾನಿಗೂ ಹಣ ಕೇಳಿದರೆ ಮಾತ್ರ ಯಾವ ಲೆಕ್ಕದ ಬಾಬಿನಲ್ಲಿಯೂ ಅದಕ್ಕೆ ಜಾಗ ಸಿಗುವುದಿಲ್ಲ. ಫಲಕದ ಮೇಲೆ ದಾನಿಗಳ ಹೆಸರು ಕೆತ್ತಿಸುವಂಥ ವಸ್ತುಗಳಲ್ಲವಲ್ಲ ಅವು. ಮುಂದೆ ಇಪ್ಪತ್ತು ಯಂತ್ರ ಕೊಡಬೇಕೆಂದು ಯಾರಾದರೂ ಸಂಕಲ್ಪಿಸಿದರೆ, ಹತ್ತೊಂಬತ್ತನ್ನು ಕೊಟ್ಟು ಇಪ್ಪತ್ತನೆಯದರ ಬೆಲೆಯನ್ನು ಪಾಲನೆಗೆಂದು ಮುಖ್ಯಾಧ್ಯಾಪಕರ ಹೆಸರಿನಲ್ಲಿ ಠೇವಣಿ ಇಡಲಿ ಎಂದು ಕೇಳಿಕೊಳ್ಳುತ್ತೇವೆ.

ಊಟವಾದ ಮೇಲೆ ಗಣಕಯಂತ್ರ ಕೊಠಡಿಗೆ ಎಲ್ಲ ಶಿಕ್ಷಕರೂ ಬರಬೇಕು. ಮಕ್ಕಳು ಬಂದರೆ ಇನ್ನೂ ಒಳ್ಳೆಯದು. ಕುಂಚ, ಬ್ಲೋವರ್, ಲೇಪ ಎಲ್ಲವನ್ನೂ ತಂದಿದ್ದೇವೆ. ಹೊಸ ಯಂತ್ರಗಳ ಮುಚ್ಚಳಕ್ಕೆ ವಾರಂಟಿಯ ಚೀಟಿ ಅಂಟಿಸಿದ್ದಾರೆ. ಅವನ್ನು ಬಿಚ್ಚಬಹುದೇ ಎಂದು ಮಾರಿದವರಿಂದ ಮೊದಲು ಬರಹದಲ್ಲಿ ಕೇಳಿ ಪಡೆಯಿರಿ. ಇಂದು ಬಿಚ್ಚಲು ಕಚೇರಿಯ ಉಗ್ರಾಣದಲ್ಲಿ ಮೂರು ವರ್ಷಗಳಿಂದ ‘ಕೆಟ್ಟಿದೆ’ ಎಂಬ ಚೀಟಿ ಹೊತ್ತು ಕುಳಿತಿರುವ ಹಳೆಯ ಯಂತ್ರವನ್ನು ಕೇಳಿದ್ದೇವೆ, ಗುಮಾಸ್ತರು ಒಪ್ಪಿದ್ದಾರೆ.